ಒತ್ತಡ ಕಣ್ಣಿಗೆ ಕಾಣದು, ವೇಗ ಕಾಣುತ್ತದೆ

ರೈಫಲ್ ತೋಟಾಗಳನ್ನು ಕೈಯಾರೆ ತುಂಬುವ ಹವ್ಯಾಸಕ್ಕೆ ಇಳಿದವರು ಬೇಗನೆ ಕೇಳಿಕೊಳ್ಳುವ ಪ್ರಶ್ನೆಯೊಂದಿದೆ: ಕೈಪಿಡಿಯಲ್ಲಿ ಕೊಟ್ಟಿರುವ ಗರಿಷ್ಠ ಪ್ರಮಾಣದ ಮದ್ದನ್ನು ನನ್ನ ರೈಫಲ್ ತಾಳೀತೇ? ರೈಫಲ್ ತಾಳಬೇಕಾದದ್ದು ಒತ್ತಡವನ್ನೇ ಹೊರತು ಮದ್ದಿನ ತೂಕವನ್ನಲ್ಲ. ಅದೇ ತೂಕದ ಅದೇ ಮದ್ದು ಎರಡು ರೈಫಲ್‌ಗಳಲ್ಲಿ ಬೇರೆ ಬೇರೆ ಒತ್ತಡವನ್ನು ಹುಟ್ಟಿಸುತ್ತದೆ.

.308 ವಿಂಚೆಸ್ಟರ್ ತೋಟಾಕ್ಕೆ ಅಮೆರಿಕದ ಬಂದೂಕು-ತೋಟಾ ತಯಾರಕರ ಸಂಸ್ಥೆಯಾದ ಸಾಮಿ ನಿಗದಿಪಡಿಸಿರುವ ಗರಿಷ್ಠ ಸರಾಸರಿ ಒತ್ತಡ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್); ಕಾರಿನ ಟೈರಿನಲ್ಲಿ ಇರುವುದು ಸುಮಾರು 32. ಈ ಮಿತಿ ತೋಟಾದಿಂದ ತೋಟಾಕ್ಕೆ ಬದಲಾಗುತ್ತದೆ: .30-06ಕ್ಕೆ 60,000, .30-30ಕ್ಕೆ 42,000, 1873ರಷ್ಟು ಹಳೆಯದಾದ .45-70ಕ್ಕೆ ಕೇವಲ 28,000. ಈ ಕೊನೆಯ ಅಂಕಿ ಆ ಕಾಲದ ದುರ್ಬಲ ರೈಫಲ್‌ಗಳು ಇಂದಿಗೂ ಬಳಕೆಯಲ್ಲಿರುವುದನ್ನು ಗಮನದಲ್ಲಿಟ್ಟು ಗೊತ್ತುಮಾಡಿದ್ದು. ಹಳೆಯ ಕೈಪಿಡಿಗಳಲ್ಲಿ .308ಕ್ಕೆ 52,000 ಸಿಯುಪಿ ಎಂದೂ ಕಾಣುತ್ತದೆ. ತಾಮ್ರದ ಸಣ್ಣ ಉರುಳೆ ಎಷ್ಟು ಜಜ್ಜಿಹೋಯಿತು ಎಂಬುದರ ಮೇಲೆ ಲೆಕ್ಕಹಾಕುತ್ತಿದ್ದ ಅಳತೆ ಅದು. ಪಿಎಸ್‌ಐ ಅಂಕಿ ಬರುವುದು ವಿದ್ಯುತ್ ಸಂವೇದಕದಿಂದ. ಎಲ್ಲ ತೋಟಾಗಳಿಗೂ ಹೊಂದುವಂತೆ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಸೂತ್ರವಿಲ್ಲದ ಕಾರಣ, ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬಾರದು.

ಮನೆಯಲ್ಲಿ ಅಂಥ ಸಂವೇದಕ ಇರುವುದಿಲ್ಲವಾದ್ದರಿಂದ ಹೆಚ್ಚಿನವರು ಲಕ್ಷಣಗಳನ್ನು ನಂಬುತ್ತಾರೆ: ಚಪ್ಪಟೆಯಾದ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ, ತೋಟಾದ ತಳದ ಪುಟ್ಟ ಬಟ್ಟಲು), ಕೇಸಿನ (ತೋಟಾದ ಲೋಹದ ಕವಚದ) ತಳದಲ್ಲಿ ಅದನ್ನು ಹೊರಚಿಮ್ಮಿಸುವ ಎಜೆಕ್ಟರಿನ ಅಚ್ಚು, ಎತ್ತಲು ಬಿಗಿಯಾಗುವ ಬೋಲ್ಟ್ (ತೋಟಾದ ಹಿಂದೆ ರೈಫಲನ್ನು ಮುಚ್ಚುವ ಅಗುಳಿ). ನನ್ನ ತಕರಾರು ಇರುವುದು ಇಲ್ಲಿಯೇ. ಬೋಲ್ಟ್ ಬಿಗಿಯಾಗುವಷ್ಟರಲ್ಲಿ ಒತ್ತಡ ಸಾಮಾನ್ಯವಾಗಿ ಮಿತಿಯನ್ನು ದಾಟಿ ಬಹಳ ಮುಂದೆ ಹೋಗಿರುತ್ತದೆ. ಮೆದು ಪ್ರೈಮರ್ ಕಡಿಮೆ ಒತ್ತಡದಲ್ಲೇ ಚಪ್ಪಟೆಯಾಗಬಹುದು, ಗಟ್ಟಿ ಪ್ರೈಮರ್ ಅಪಾಯದ ಒತ್ತಡದಲ್ಲೂ ದುಂಡಗೇ ಉಳಿಯಬಹುದು. ಲಕ್ಷಣ ಕಂಡರೆ ನಿಲ್ಲಿಸಲೇಬೇಕು, ಆದರೆ ಕಾಣದಿದ್ದರೆ ಕ್ಷೇಮ ಎಂದುಕೊಳ್ಳುವಂತಿಲ್ಲ.

ಆದ್ದರಿಂದಲೇ ನಾನು ಗುಂಡಿನ ವೇಗವನ್ನು ಅಳೆಯುವ ಕ್ರೋನೋಗ್ರಾಫನ್ನು ನಂಬುತ್ತೇನೆ. ಗುಂಡು, ಮದ್ದು ಮತ್ತು ನಳಿಗೆಯ ಉದ್ದ ಕೈಪಿಡಿಯಲ್ಲಿ ಇರುವಂತೆಯೇ ಇದ್ದರೆ, ಹೆಚ್ಚಿನ ವೇಗ ಹೆಚ್ಚಿನ ಒತ್ತಡವಿಲ್ಲದೆ ಬರುವುದಿಲ್ಲ. ಕೈಪಿಡಿಯ ಗರಿಷ್ಠ ವೇಗವನ್ನು ನಾವು ಮುಟ್ಟಿದೆವೆಂದರೆ, ಮದ್ದಿನ ತೂಕ ಇನ್ನೂ ಕಡಿಮೆಯೇ ಇದ್ದರೂ, ಅದರ ಗರಿಷ್ಠ ಒತ್ತಡದ ಆಸುಪಾಸಿಗೆ ಬಂದೆವೆಂದೇ ತಿಳಿಯಬೇಕು. ನಳಿಗೆಯ ಉದ್ದ ಬೇರೆಯಾಗಿದ್ದರೆ ಪ್ರತಿ ಇಂಚಿಗೆ ಸೆಕೆಂಡಿಗೆ ಸರಿಸುಮಾರು 20ರಿಂದ 25 ಅಡಿ ವ್ಯತ್ಯಾಸ ಹಿಡಿಯುವುದು ವಾಡಿಕೆ. ಕೈಪಿಡಿ 24 ಇಂಚಿನ ನಳಿಗೆಯಲ್ಲಿ ಪಡೆದ ವೇಗವನ್ನು 20 ಇಂಚಿನ ನಳಿಗೆಯಿಂದ ಹಿಂಡಲು ಹೊರಟವನು ತನಗೆ ಅರಿವಿಲ್ಲದೆಯೇ ಮಿತಿಯನ್ನು ಮೀರುತ್ತಾನೆ. ಈ ಅಳತೆಗೋಲು ನಿಖರವಲ್ಲ, ಏಕೆಂದರೆ ಒಂದೇ ಉದ್ದದ ಎರಡು ನಳಿಗೆಗಳೂ ಒಂದೇ ವೇಗ ಕೊಡುವುದಿಲ್ಲ. ಆದರೂ ಸಂಶಯ ಬಂದಾಗ ಒತ್ತಡವೇ ಹೆಚ್ಚಿದೆ ಎಂದುಕೊಳ್ಳುವವನು ಕಳೆದುಕೊಳ್ಳುವುದು ಅಷ್ಟಿಷ್ಟು ವೇಗವನ್ನು ಮಾತ್ರ.

ಒಮ್ಮೆ ನಾನು ಬೇರೇನನ್ನೂ ಬದಲಿಸದೆ ಕೇಸ್‌ಗಳನ್ನು ಮಾತ್ರ ಬದಲಿಸಿದೆ. ಹೊಸವು ದಪ್ಪ ಗೋಡೆಯ ಸೈನಿಕ ಬಳಕೆಯ ಕೇಸ್‌ಗಳು, ಅಂದರೆ ಒಳಗಿನ ಜಾಗ ಕಡಿಮೆ, ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು. ಅದು ಗೊತ್ತಿದ್ದೂ ಕೈಪಿಡಿಯ ಗರಿಷ್ಠಕ್ಕಿಂತ ಶೇಕಡಾ 10ರಷ್ಟು ಕೆಳಗಿನಿಂದ ಮತ್ತೆ ಆರಂಭಿಸುವ ತಾಳ್ಮೆ ನನಗಿರಲಿಲ್ಲ. ಹಳೆಯ ಪ್ರಮಾಣದಿಂದ ಅರ್ಧ ಗ್ರೇನ್ (ಸುಮಾರು 0.03 ಗ್ರಾಂ) ಇಳಿಸಿ 20 ತೋಟಾಗಳನ್ನು ತುಂಬಿಬಿಟ್ಟೆ. ಮೊದಲ ಎರಡು ಗುಂಡುಗಳು ಕೈಪಿಡಿಯ ಗರಿಷ್ಠ ವೇಗಕ್ಕಿಂತ ಸೆಕೆಂಡಿಗೆ 60 ಅಡಿ ಹೆಚ್ಚು ತೋರಿಸಿದವು. ಪ್ರೈಮರ್ ದುಂಡಗಿತ್ತು, ಬೋಲ್ಟ್ ಬೆಣ್ಣೆಯಂತೆ ಎದ್ದಿತು. ಕ್ರೋನೋಗ್ರಾಫ್ ಇರದಿದ್ದರೆ ಉಳಿದ 18ನ್ನೂ ನೆಮ್ಮದಿಯಿಂದ ಹಾರಿಸಿರುತ್ತಿದ್ದೆ, ಅದೂ ಬಿಸಿಲಲ್ಲಿ ಕಾದ ಮದ್ದು ಒತ್ತಡವನ್ನು ಇನ್ನಷ್ಟು ಏರಿಸುವ ನಡುಮಧ್ಯಾಹ್ನದಲ್ಲಿ.

ಆ ಸಂಜೆ 18 ತೋಟಾಗಳ ಗುಂಡುಗಳನ್ನೂ ಒಂದೊಂದಾಗಿ ಎಳೆದು ತೆಗೆದೆ. ಅದಕ್ಕೆ ತುಂಬುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.