ಕಂಬಳದ ಫೋಟೊ ಮಾರುವವರಿಗೆ: ಎಲ್ಲಿ ಕತ್ತರಿಸಬೇಕು, ಎಲ್ಲಿ ಕೈ ತಡೆಯಬೇಕು

ನಾವು ಚೆಂದ ಬಂದಿದೆ ಎಂದು ಬೀಗುವ ಫೋಟೊ ಬೇರೆ, ಜನ ದುಡ್ಡು ಕೊಟ್ಟು ಒಯ್ಯುವ ಫೋಟೊ ಬೇರೆ. ಕಂಬಳದ ಗದ್ದೆಯಲ್ಲಿ ಇದು ಬೇಗ ಗೊತ್ತಾಗುತ್ತದೆ. ದೊಡ್ಡ ಲೆನ್ಸ್ ಹಿಡಿದು ಊರಿಂದಾಚೆ ಬರುವ ಹವ್ಯಾಸಿಗಳು ಕೋಣದ ಒಂದು ಕಣ್ಣು, ಉಬ್ಬಿದ ಮೂಗು, ಹಾರುವ ಕೆಸರು ಅಂತ ಹತ್ತಿರ ಎಳೆದು ತೆಗೆಯುತ್ತಾರೆ. ಸ್ಪರ್ಧೆಗೆ ಕಳಿಸಲು ಅದು ಸರಿ. ಅದನ್ನೇ ಕೋಣದ ಯಜಮಾನರಿಗೆ ತೋರಿಸಿ ನೋಡಿ. "ಇನ್ನೊಂದು ಎಲ್ಲಿ ಮಾರಾಯ್ರೆ?" ಅಂತ ಕೇಳುತ್ತಾರೆ. ಅವರ ಲೆಕ್ಕವೆಲ್ಲ ಜೊತೆಯದ್ದು, ಅಂದರೆ ಜೋಡಿ ಕೋಣಗಳದ್ದು. ಎರಡು ತಲೆ, ನಾಲ್ಕು ಕೊಂಬು, ಹಿಂದೆ ಓಡಿಸುವವನ ಪೂರ್ತಿ ಮೈ. ಇಷ್ಟಿದ್ದರೆ ಮಾತ್ರ ವ್ಯಾಪಾರದ ಮಾತು.

ನಾನು ಮಂಗಳೂರು, ಉಡುಪಿ ಕಡೆಯ ಆಟೋಟಗಳ ಫೋಟೊ ತೆಗೆದು ಮಾರುವವನು. ಮಳೆ ಬಿಟ್ಟ ಮೇಲೆ ಕಂಬಳ, ರಾತ್ರಿ ಹೊತ್ತು ಹೊನಲು ಬೆಳಕಿನ ಕಬಡ್ಡಿ, ನಡುವೆ ಶಾಲೆಗಳ ಕ್ರೀಡಾಕೂಟ. ಇವುಗಳಲ್ಲಿ ಕ್ರಾಪ್ ಮಾಡುವ, ಅಂದರೆ ಚಿತ್ರದ ಅಂಚು ಕತ್ತರಿಸುವ ಕೆಲಸ ಕಲಿಸಿದ್ದು ಕಂಬಳವೇ. ಅಲ್ಲಿ ಫೋಟೊ ಕೊಳ್ಳುವವರು ಮೂರು ನಾಲ್ಕು ಬಗೆ, ಒಬ್ಬೊಬ್ಬರಿಗೂ ಬೇಕಾದ ತುಂಡು ಬೇರೆ.

ಮೊದಲು ಕನೆಹಲಗೆ ಎಂಬ ವಿಭಾಗದ ವಿಷಯ ಹೇಳುತ್ತೇನೆ. ಉಳಿದ ವಿಭಾಗಗಳಾದ ಅಡ್ಡಹಲಗೆ, ಹಗ್ಗ, ನೇಗಿಲುಗಳಲ್ಲಿ ಯಾರು ಮುಂದೆ ಎಂಬುದೇ ಮುಖ್ಯ. ಕನೆಹಲಗೆಯಲ್ಲಿ ಹಾಗಲ್ಲ. ಓಡಿಸುವವನು ಹಲಗೆಯ ಮೇಲೆ ಒಂದು ಕಾಲೂರಿ ನಿಂತಿರುತ್ತಾನೆ. ಹಲಗೆಯ ತೂತುಗಳಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಕರೆಗೆ, ಅಂದರೆ ಕೋಣ ಓಡುವ ಕೆಸರಿನ ಓಟದ ಹಾದಿಗೆ, ಅಡ್ಡವಾಗಿ ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ಆ ನೀರು ಹಾಯಬೇಕು. ಫಲಿತಾಂಶ ಬರೆಯುವಾಗಲೂ 'ಆರೂವರೆ ಕೋಲು ನಿಶಾನೆಗೆ ನೀರು ಹಾಯಿಸಿದ್ದಾರೆ' ಎಂದೇ ಬರೆಯುತ್ತಾರೆ; ಕೋಲು ಅಂದರೆ ಎತ್ತರದ ಅಳತೆ. ಓಡಿಸಿದವರು ಎನ್ನುವುದಿಲ್ಲ, 'ಹಲಗೆ ಮುಟ್ಟಿದವರು' ಎನ್ನುತ್ತಾರೆ.

ಈಗ ಯೋಚನೆ ಮಾಡಿ. ಕೋಣಗಳ ಮುಖ ದೊಡ್ಡದಾಗಿ ಕಾಣಲಿ ಅಂತ ಮೇಲಿನ ಖಾಲಿ ಜಾಗ ಕತ್ತರಿಸಿಬಿಟ್ಟರೆ ಏನಾಯಿತು? ಗೆಲುವನ್ನೇ ಕತ್ತರಿಸಿ ಬಿಸಾಡಿದ ಹಾಗಾಯಿತು. ನೀರಿನ ತುದಿ ಬಟ್ಟೆಗೆ ತಾಗಿ ಹನಿ ಒಡೆಯುವುದು ಕಾಣಬೇಕು. ಬಟ್ಟೆಯ ಮೇಲೆ ಒಂದು ಬೆರಳಷ್ಟು ಆಕಾಶವೂ ಬೇಕು. ಇಲ್ಲದಿದ್ದರೆ ನೋಡುವವರಿಗೆ ಎತ್ತರ ಗೊತ್ತಾಗುವುದಿಲ್ಲ. ಅದಕ್ಕೇ ಕನೆಹಲಗೆಗೆ 70–200 ಮಿ.ಮೀ. ಜೂಮ್ ಲೆನ್ಸ್ ಇದ್ದರೂ ಪೂರ್ತಿ 200ಕ್ಕೆ ತಿರುಗಿಸಿ ಹತ್ತಿರ ಎಳೆಯಬೇಡಿ. ಜೊತೆ ನಿಶಾನೆಯ ಅಡಿಗೆ ಬರುವ ಹೊತ್ತಿಗೆ ಮೇಲೆ, ಕೆಳಗೆ ಎರಡೂ ಕಡೆ ಜಾಗ ಇರಲಿ. ಸಡಿಲವಾಗಿ ತೆಗೆದದ್ದನ್ನು ಆಮೇಲೆ ಬಿಗಿ ಮಾಡಬಹುದು. ಬಿಗಿಯಾಗಿ ತೆಗೆದದ್ದನ್ನು ದೇವರು ಬಂದರೂ ಸಡಿಲ ಮಾಡಲಾರ.

ಸಡಿಲ ಅಂದರೆ ಎಷ್ಟು? ಇದಕ್ಕೆ ಲೆಕ್ಕ ಇದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಅಂದರೆ 6000ಕ್ಕೆ 4000 ಪಿಕ್ಸೆಲ್. ಯಜಮಾನರು ಚಾವಡಿಯಲ್ಲಿ ತೂಗು ಹಾಕಲು ಕೇಳುವುದು ಹೆಚ್ಚಾಗಿ 12×18 ಇಂಚು. ಇಂಚಿಗೆ 300ರಂತೆ ಹಾಕಿದರೆ 5400ಕ್ಕೆ 3600 ಬೇಕು. ಅಂದರೆ ಹತ್ತರಲ್ಲಿ ಒಂದು ಪಾಲು ಕತ್ತರಿಸುವಷ್ಟೇ ಸ್ವಾತಂತ್ರ್ಯ. ಉದ್ದ, ಅಗಲ ಎರಡನ್ನೂ ಅರ್ಧಕ್ಕೆ ಇಳಿಸಿದಿರೋ, ಉಳಿಯುವುದು 3000ಕ್ಕೆ 2000. ಅದು 8×12ಕ್ಕೆ ಆರಾಮಾಗಿ ಸಾಕು. 12×18ಕ್ಕೆ ಎಳೆದರೆ ಇಂಚಿಗೆ 170 ಪಿಕ್ಸೆಲ್ ಕೂಡ ಸಿಗುವುದಿಲ್ಲ, ಹತ್ತಿರ ನಿಂತು ನೋಡಿದರೆ ಕೋಣದ ರೋಮ ಮೇಣ ಬಳಿದಂತೆ ಕಾಣುತ್ತದೆ. ಫ್ಲೆಕ್ಸ್‌ಗಾದರೆ ಚಿಂತೆ ಬೇಡ. ರಸ್ತೆಯಲ್ಲಿ ಹೋಗುವವರು ಅಷ್ಟು ಹತ್ತಿರ ಬಂದು ನೋಡುವುದಿಲ್ಲ.

ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದೂ ಕ್ರಾಪ್‌ಗೆ ಸೇರಿದ್ದೇ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿಸಿದ್ದು ಎಲ್ಲರಿಗೂ ನೆನಪಿರಬಹುದು. ಸೆಕೆಂಡಿಗೆ ಹತ್ತು ಮೀಟರಿಗಿಂತ ಜಾಸ್ತಿ. ಅಷ್ಟು ವೇಗದ ಕೋಣಗಳು 1/250 ಸೆಕೆಂಡಿನಲ್ಲಿ ಸುಮಾರು ನಾಲ್ಕು ಸೆಂಟಿಮೀಟರ್ ಮುಂದೆ ಹೋಗಿರುತ್ತವೆ, 1/1000ದಲ್ಲಿ ಒಂದು. ಕಾಲು ಮತ್ತು ಹನಿ ಇನ್ನೂ ಚುರುಕು. ಪೂರ್ತಿ ಚಿತ್ರದಲ್ಲಿ ಕಣ್ಣಿಗೆ ಬೀಳದ ಮಸುಕು ಅರ್ಧ ಕತ್ತರಿಸಿ ದೊಡ್ಡದು ಮಾಡಿದಾಗ ಎದ್ದು ಕಾಣುತ್ತದೆ. ರಾತ್ರಿ ಬೆಳಕು ಸಾಲದೆ ಐಎಸ್‌ಒ, ಅಂದರೆ ಕ್ಯಾಮೆರಾದ ಬೆಳಕಿನ ಸಂವೇದನೆ, 6400ಕ್ಕೆ ಏರಿಸಿ ತೆಗೆದ ಚಿತ್ರದ ಕಾಳುಗಳೂ ಹಾಗೆಯೇ. ಹಾಗಾಗಿ ಹಗಲಿನ ಫೋಟೊದಲ್ಲಿ ಕತ್ತರಿ ಧಾರಾಳ, ರಾತ್ರಿಯದ್ದರಲ್ಲಿ ಜಿಪುಣ.

ಹೊನಲು ಬೆಳಕಿನಲ್ಲಿ ಇನ್ನೊಂದು ಕಿರಿಕಿರಿ. ಕೆಲವು ಲೈಟುಗಳು ಕಣ್ಣಿಗೆ ಒಂದೇ ಸಮ ಉರಿಯುತ್ತವೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅವು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತಿರುತ್ತವೆ. ಚುರುಕು ಶಟರಿಗೆ ಒಮ್ಮೆ ಏರು ಸಿಗುತ್ತದೆ, ಒಮ್ಮೆ ಇಳಿತ. ಒಂದು ಫೋಟೊ ಬೆಳ್ಳಗೆ, ಮುಂದಿನದು ಅರ್ಧ ಕಂದು. ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ (ಬೆಳಕಿನ ಏರಿಗೆ ಕಾದು ಕ್ಲಿಕ್ ಮಾಡುವ ಸೌಲಭ್ಯ) ಇದ್ದರೆ ಹಾಕಿಕೊಳ್ಳಿ, ಅಷ್ಟೇ.

ಲ್ಯಾಬಿನಲ್ಲಿ ಕಾದು ಕೂತಿರುವ ಶತ್ರು 8×10 ಫ್ರೇಮ್. ಅಂಗಡಿಯಲ್ಲಿ ರೆಡಿ ಸಿಗುತ್ತದೆ, ರೇಟೂ ಕಡಿಮೆ. ಗಿರಾಕಿ ಅದನ್ನೇ ತಂದು ಕೊಡುತ್ತಾರೆ. ನಮ್ಮ ಕ್ಯಾಮೆರಾದ ಚಿತ್ರ 8×12ರ ಅಳತೆಯದ್ದು. 8×10ಕ್ಕೆ ಕೂರಿಸಲು ಉದ್ದದಲ್ಲಿ ಆರರಲ್ಲಿ ಒಂದು ಪಾಲು ಹೋಗಲೇಬೇಕು. ಪಕ್ಕದಿಂದ ತೆಗೆದ ಕಂಬಳದ ಚಿತ್ರವೋ ಉದ್ದೋಉದ್ದ. ಮುಂದೆ ಮೂಗು, ಹಿಂದೆ ಓಡಿಸುವವನ ಚಾಚಿದ ಕಾಲು. ಲ್ಯಾಬಿನ ಹುಡುಗನಿಗೆ ಬಿಟ್ಟರೆ ಎರಡೂ ಕಡೆ ಸಮ ಕತ್ತರಿಸಿ ಇಬ್ಬರನ್ನೂ ಕುಂಟು ಮಾಡುತ್ತಾನೆ. ಆದ್ದರಿಂದ ಕಳಿಸುವ ಮೊದಲು ನಾವೇ ಕತ್ತರಿಸಿ, ಅಳತೆಯನ್ನು ಫೈಲಿನ ಹೆಸರಲ್ಲೇ ಬರೆಯಬೇಕು. ಜೊತೆ 8×10ಕ್ಕೆ ಹಿಡಿಸದಿದ್ದರೆ ಮೇಲೆ ಕೆಳಗೆ ಬಿಳಿ ಪಟ್ಟಿ ಬಿಟ್ಟು ಯಜಮಾನರ ಮನೆಯ ಹೆಸರು, ಕಂಬಳದ ಹೆಸರು, ವರ್ಷ ಹಾಕಿ ಕೊಡುತ್ತೇನೆ. ಪಟ್ಟಿ ಯಾಕೆ ಅಂತ ಯಾರೂ ಕೇಳಿದ್ದಿಲ್ಲ. ಹೆಸರು ದೊಡ್ಡದು ಮಾಡಿ ಅಂದವರಿದ್ದಾರೆ.

ಓಡಿಸುವ ಹುಡುಗರ ಬೇಡಿಕೆ ಪೂರ್ತಿ ಬೇರೆ. ಅವರಿಗೆ ಬೇಕಾದ್ದು ಸ್ಟೇಟಸ್ಸಿಗೆ, ಅಂದರೆ ಉದ್ದುದ್ದದ 9:16. ಅಡ್ಡ ಚಿತ್ರದ ಪೂರ್ತಿ ಎತ್ತರ ಇಟ್ಟುಕೊಂಡರೆ 2250 ಪಿಕ್ಸೆಲ್ ಅಗಲದ ತುಂಡು ಸಿಗುತ್ತದೆ, ಫೋನಿಗೆ ಧಾರಾಳ. ಅದರಲ್ಲಿ ಹುಡುಗ, ಅವನ ಕೈಯ ಹಗ್ಗ, ಹಿಂದೆ ಗೋಡೆಯ ಹಾಗೆ ಎದ್ದ ನೀರು. ಕೋಣಗಳ ಬೆನ್ನು ಸ್ವಲ್ಪ ಕಂಡರೆ ಸಾಕು. ಒಂದೇ ಫೋಟೊ, ಎರಡು ಮಾರಾಟ. ಆದರೆ ಈ ತುಂಡನ್ನು ತಪ್ಪಿಯೂ ಯಜಮಾನರಿಗೆ ಕಳಿಸಬೇಡಿ!

ಕಬಡ್ಡಿಯಲ್ಲಿ ನಿಶಾನೆಯ ಜಾಗದಲ್ಲಿ ಗೆರೆ ಇದೆ. ನಾಲ್ಕು ಜನ ಮೇಲೆ ಬಿದ್ದಿದ್ದಾರೆ, ರೈಡರ್ ಅಡಿಯಿಂದ ಕೈ ಚಾಚಿದ್ದಾನೆ. ಮುಖಗಳು ಚೆನ್ನಾಗಿವೆ ಅಂತ ಕೆಳಗಡೆ ಕತ್ತರಿಸಿದರೆ ಬೆರಳು ಮಧ್ಯದ ಗೆರೆ ಮುಟ್ಟಿತೋ ಇಲ್ಲವೋ ಗೊತ್ತಾಗುವುದಿಲ್ಲ. ಆ ಬೆರಳಿಗೇ ಅಲ್ವಾ ಅವನು ದುಡ್ಡು ಕೊಡುವುದು? ಶಾಲೆಯ ಓಟದ ಫೋಟೊಗಳಲ್ಲಿ ಇಷ್ಟೆಲ್ಲ ಇಲ್ಲ. ಮಗುವಿನ ಮುಖ, ಎದೆಯ ನಂಬರು, ಎರಡೂ ಕಾಲು ಇದ್ದರಾಯಿತು. ಪಕ್ಕದ ಮಕ್ಕಳನ್ನು ಆದಷ್ಟು ಹೊರಗಿಡುತ್ತೇನೆ, ಅವರ ಮನೆಯವರನ್ನು ನಾನು ಕೇಳಿರುವುದಿಲ್ಲವಲ್ಲ.

ಜೋಡುಕರೆಯಲ್ಲಿ ಒಂದು ಸೂಕ್ಷ್ಮ ಇದೆ. ಮೂಡುಬಿದಿರೆಯ ಕೋಟಿ-ಚೆನ್ನಯ, ಮಿಯ್ಯಾರಿನ ಲವ-ಕುಶ, ಹೀಗೆ ಜೋಡಿ ಹೆಸರಿನ ಯಾವ ಕಂಬಳಕ್ಕೆ ಹೋದರೂ ಎರಡು ಕರೆಗಳಲ್ಲಿ ಎರಡು ಜೊತೆ ಒಟ್ಟಿಗೆ ಓಡುತ್ತವೆ. ಮಂಜೊಟ್ಟಿಯ, ಅಂದರೆ ಓಟ ಮುಗಿಯುವ ತುದಿಯ, ಹತ್ತಿರ ನಿಂತು ತೆಗೆದರೆ ಎರಡೂ ಒಂದೇ ಚಿತ್ರದಲ್ಲಿ ಬರುತ್ತವೆ. ಹಿಂದೆ ಬಿದ್ದ ಜೊತೆಯ ಕಡೆಯವರು ಒಮ್ಮೆ ಕೇಳಿದರು: "ಆಚೆ ಕರೆಯದ್ದು ತೆಗೆದು ನಮ್ಮದು ಮಾತ್ರ ಕೊಡಿ ಅಣ್ಣ." ಕೊಟ್ಟೆ. ಅವರ ಕೋಣ, ಅವರ ಗೋಡೆ, ತಪ್ಪೇನಿಲ್ಲ. ಮರುದಿನ ಆ ಚಿತ್ರಕ್ಕೆ 'ಪ್ರಥಮ' ಅಂತ ಬರೆದು ಫ್ಲೆಕ್ಸ್ ಮಾಡಿಸಿಕೊಡಿ ಎಂದಾಗ ಆಗಲ್ಲ ಅಂದೆ. ಸ್ವಲ್ಪ ದಿನ ಮಾತು ಬಿಟ್ಟರು, ಮುಂದಿನ ಕಂಬಳಕ್ಕೆ ಮತ್ತೆ ಅವರೇ ಕರೆದರು. ಪತ್ರಿಕೆಗೆ ಕಳಿಸುವಾಗ ಮಾತ್ರ ಎರಡೂ ಕರೆ ಇರುವ ಚಿತ್ರವನ್ನೇ ಕಳಿಸುತ್ತೇನೆ. ಯಾರು ಎಷ್ಟು ಹಿಂದೆ ಎಂಬುದೂ ಸುದ್ದಿಯೇ.

ಇಷ್ಟೆಲ್ಲ ತುಂಡು ಮಾಡುವುದರಿಂದ ಮೂಲ ಫೈಲನ್ನು ಮುಟ್ಟಲೇಬಾರದು. ನಕಲು ಮಾಡಿಕೊಂಡೇ ಕತ್ತರಿ. ಒಬ್ಬರದ್ದೇ 'ಎ' ಜೊತೆ, 'ಬಿ' ಜೊತೆ ಅಂತ ಇರುತ್ತವೆ, ರಾತ್ರಿ ಎರಡು ಗಂಟೆಗೆ ಎಲ್ಲ ಕೋಣಗಳೂ ಒಂದೇ ಕಪ್ಪು. ಪ್ರತಿ ಸುತ್ತು ಮುಗಿದಾಗ ಫಲಿತಾಂಶದ ಬೋರ್ಡನ್ನೂ ಒಂದು ಕ್ಲಿಕ್ ಮಾಡಿಡಿ, ಮನೆಗೆ ಹೋಗಿ ವಿಂಗಡಿಸಲು ಅದೇ ಗುರುತು. ಮಾದರಿ ಕಳಿಸುವಾಗ ನಮ್ಮ ಹೆಸರು ಮೂಲೆಯಲ್ಲಿ ಬೇಡ, ಕೋಣದ ಹೊಟ್ಟೆಯ ಮೇಲೆ ತೆಳ್ಳಗೆ ಇರಲಿ. ಮೂಲೆಯಲ್ಲಿದ್ದರೆ ಕ್ರಾಪ್ ಮಾಡಲು ಅವರಿಗೂ ಬರುತ್ತದೆ. ದುಡ್ಡು ಬಂದ ಮೇಲೆ ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಕುಗ್ಗಿದ ಫೈಲನ್ನೇ ಪ್ರಿಂಟಿಗೆ ಕೊಟ್ಟು ನಿಮ್ಮನ್ನು ಬೈಯುತ್ತಾರೆ.

ಕಮಿಟಿಯವರು ಸಂಬಳ ಕೊಟ್ಟು ಕರೆದರೆ ಇನ್ನೊಂದು ಮಾತು ಮೊದಲೇ ಆಡಿಕೊಳ್ಳಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊದ ಹಕ್ಕು ತೆಗೆಸಿದವರಿಗೇ ಸೇರುತ್ತದೆ, ಬೇರೆ ಒಪ್ಪಂದ ಇಲ್ಲದಿದ್ದರೆ. ನಾನು ನಾನಾಗಿ ಹೋಗಿ ತೆಗೆದದ್ದು ನನ್ನದು. ಆದ್ದರಿಂದ ಕಮಿಟಿಗೆ ಒಪ್ಪಿಕೊಳ್ಳುವ ಮುಂಚೆ 'ಯಜಮಾನರಿಗೆ, ಓಡಿಸುವವರಿಗೆ ಬಿಡಿ ಫೋಟೊ ನಾನು ಮಾರಿಕೊಳ್ಳಬಹುದು' ಎಂದು ಬರೆದು ಕಳಿಸಿ, ಅವರಿಂದ ಒಂದು 'ಸರಿ' ಬರೆಸಿಕೊಳ್ಳುತ್ತೇನೆ. ಇಲ್ಲ ಅಂದರೆ ದಿನದ ಸಂಬಳ ಜಾಸ್ತಿ ಕೇಳುತ್ತೇನೆ.