ಅಂತೆಕಂತೆಯಲ್ಲೂ ನಮ್ಮ ಹೆಸರಿರಲಿಲ್ಲ

2023ರ ಆಗಸ್ಟ್ 4, ಶುಕ್ರವಾರ. ಬೆಳಿಗ್ಗೆ ಎದ್ದು ನಾನು ಮಾಡಿದ ಮೊದಲ ಕೆಲಸ ಪಕ್ಕದ ಮನೆ ಅಜ್ಜನಿಗೆ ಒಂದು ಸುಳ್ಳು ಹೇಳಿದ್ದು. ಸುಳ್ಳು ಅಂತ ಆಗ ನನಗೂ ಗೊತ್ತಿರಲಿಲ್ಲ ಬಿಡಿ.

ಅಜ್ಜ ಟೊಮೇಟೊ ಗಿಡಕ್ಕೆ ಪೈಪ್ ಹಿಡಿದು ನಿಂತಿದ್ದರು. ತಲೆ ಮೇಲೆ ಅದೇ ಮಾಸಿದ ಕೆಂಪು ಟೋಪಿ, 1998ರ ರೋಸ್ ಬೌಲ್ ಅನ್ನೋ ದೊಡ್ಡ ಅಮೆರಿಕನ್ ಫುಟ್‌ಬಾಲ್ ಪಂದ್ಯದ್ದು.

"ಒಂಬತ್ತೂ ಜನ ಸಹಿ ಹಾಕ್ತಾರಂತೆ. ಇನ್ನೇನು ಭಯ ಇಲ್ಲ" ಅಂದೆ.

"ಯಾರು ಹೇಳಿದ್ರು?"

"ಸಿಯಾಟಲ್‌ನಲ್ಲಿ ನನ್ನ ಫ್ರೆಂಡ್. ಅವನ ಜೊತೆ ಕೆಲಸ ಮಾಡೋನೊಬ್ಬನ ಭಾವಮೈದುನನಿಗೆ ಒಳಗಿನವರೆಲ್ಲ ಗೊತ್ತಂತೆ."

ಈಗ ಬರೆಯುವಾಗ ನನಗೇ ನಗು ಬರುತ್ತದೆ. ಇಷ್ಟುದ್ದದ ಸರಪಳಿ ಹಿಡಿದುಕೊಂಡು ಬಂದ ಮಾತನ್ನು ನಾನು ಕೋರ್ಟಿನ ತೀರ್ಪಿನ ಹಾಗೆ ಹೇಳಿದ್ದೆ. ಅಜ್ಜ ಪೈಪ್ ಕೆಳಗೆ ಹಾಕಿ ಒಳಗೆ ಹೋದರು. ಫ್ರಿಜ್ಜಿನಿಂದ ಒಂದು ತಗಡಿನ ಡಬ್ಬ ತಂದು ಜಗಲಿಯ ಮೇಜಿನ ಮೇಲಿಟ್ಟರು. "ಸಹಿ ಬಿದ್ದ ತಕ್ಷಣ ಇದನ್ನ ತೆಗೆಯೋಣ, ಬಾ" ಅಂದರು.

ಯಾವ ಸಹಿ, ಯಾವ ಡಬ್ಬ ಅಂತ ಹೇಳಿಬಿಡುತ್ತೇನೆ.

ನಾನಿರುವುದು ಪುಲ್‌ಮನ್ ಅನ್ನುವ ಊರಲ್ಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವದ ಮೂಲೆ. ಸಿಯಾಟಲ್‌ನಿಂದ ಕಾರಿನಲ್ಲಿ ಐದು ಗಂಟೆ ದಾರಿ. ಸುತ್ತ ಎಲ್ಲಿ ನೋಡಿದರೂ ಗೋಧಿ ಗುಡ್ಡ. ಅರಸೀಕೆರೆ ತೆಂಗಿನ ತೋಟಗಳ ನಡುವೆ ಬೆಳೆದವನಿಗೆ ಮೊದಲ ವರ್ಷ ಇಲ್ಲಿ ಒಂದು ಮರ ಕಂಡರೂ ಖುಷಿಯಾಗುತ್ತಿತ್ತು. ಊರಿನ ಜನಸಂಖ್ಯೆ ಸುಮಾರು 33 ಸಾವಿರ, ಇಲ್ಲಿನ ಯೂನಿವರ್ಸಿಟಿಯ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ಜನ ಹಿಡಿಸುತ್ತಾರೆ. ಊರು ಇರುವುದೇ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಿಂದ. ಟೀಮಿನ ಹೆಸರು ಕೂಗರ್ಸ್. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ದಾರಿಯಲ್ಲಿ ಎದುರು ಸಿಕ್ಕವರೆಲ್ಲ "ಗೋ ಕೂಗ್ಸ್" ಅನ್ನುತ್ತಾರೆ. ಕನ್ನಡದವನಿಗೆ ಅದು ಯಾರೋ ಕೂಗು ಹಾಕಿದ ಹಾಗೇ ಕೇಳಿಸುತ್ತದೆ. ಎಂಎಸ್ ಮಾಡೋಕೆ ಬಂದು, ಓದು ಮುಗಿದು, ಇಲ್ಲೇ ಕೆಲಸ ಸಿಕ್ಕಿ ಉಳಿದುಕೊಂಡ ನಾನೂ ಈಗ ಕೂಗುವವರಲ್ಲಿ ಒಬ್ಬ.

ಇಲ್ಲಿ ಕಾಲೇಜು ಆಟ ಅಂದರೆ ನಮ್ಮ ಅಂತರ್ ಕಾಲೇಜು ಕಬಡ್ಡಿ ಥರ ಅಲ್ಲ. ಟಿವಿಯವರು ಕೋಟಿಗಟ್ಟಲೆ ಡಾಲರ್ ಸುರಿಯುತ್ತಾರೆ. ಹತ್ತು ಹನ್ನೆರಡು ಯೂನಿವರ್ಸಿಟಿಗಳು ಒಂದು ಗುಂಪು ಮಾಡಿಕೊಂಡು ಬಹುಪಾಲು ತಮ್ಮತಮ್ಮಲ್ಲೇ ಆಡುತ್ತವೆ, ಬಂದ ಟಿವಿ ದುಡ್ಡನ್ನು ಹಂಚಿಕೊಳ್ಳುತ್ತವೆ. ಈ ಗುಂಪಿಗೇ ಕಾನ್ಫರೆನ್ಸ್ ಅನ್ನೋದು. ನಮ್ಮದು ಪ್ಯಾಕ್-12, ಪಶ್ಚಿಮ ಕರಾವಳಿ ಕಡೆಯದು, 1915ರಲ್ಲಿ ಹುಟ್ಟಿದ ಗುಂಪಿನ ವಂಶ. ನಮ್ಮೂರು ಸೇರಿದ್ದು 1917ರಲ್ಲಿ. ಅಜ್ಜನ ಅಪ್ಪನೂ ಇದೇ ಗುಂಪಿನ ಆಟ ನೋಡಿದವರು.

2022ರ ಜೂನ್ 30ಕ್ಕೆ ಲಾಸ್ ಏಂಜಲಿಸ್‌ನ ಎರಡು ದೊಡ್ಡ ಮನೆಗಳು, ಯುಎಸ್‌ಸಿ ಮತ್ತು ಯುಸಿಎಲ್‌ಎ ಯೂನಿವರ್ಸಿಟಿಗಳು, ನಮ್ಮ ಗುಂಪು ಬಿಟ್ಟು ಬಿಗ್ ಟೆನ್ ಅನ್ನೋ ಇನ್ನೊಂದು ಗುಂಪಿಗೆ ಹೋಗುತ್ತೇವೆ ಅಂದವು. ಆ ಆಗಸ್ಟ್‌ನಲ್ಲೇ ಬಿಗ್ ಟೆನ್‌ನವರು ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಜಾಸ್ತಿ ಅಂತ ಸುದ್ದಿಯಾದ ಟಿವಿ ಒಪ್ಪಂದ ಮಾಡಿಕೊಂಡರು. ನಮ್ಮ ಗುಂಪಿನ ಟಿವಿ ಒಪ್ಪಂದ 2024ಕ್ಕೆ ಮುಗಿಯುವುದಿತ್ತು. ಹೊಸದು ಆಗಲೇ ಇಲ್ಲ. ಇವತ್ತಾಗುತ್ತೆ, ಮುಂದಿನ ವಾರ ಆಗುತ್ತೆ, ದಸರಾ ಕಳೀಲಿ, ಸಂಕ್ರಾಂತಿ ಕಳೀಲಿ ಅನ್ನೋ ಹಾಗೆ ಒಂದು ವರ್ಷ ಹೋಯಿತು.

ಆ ವರ್ಷವಿಡೀ ನಾವು ಬದುಕಿದ್ದು ಅಂತೆಕಂತೆಯ ಮೇಲೆ.

ಸ್ಯಾನ್ ಡಿಯಾಗೊದವರು ಬರ್ತಾರಂತೆ. ಡಲ್ಲಾಸ್‌ನ ಎಸ್‌ಎಂಯು ಬರುತ್ತಂತೆ. ಕೊಲರಾಡೊ ಹೋಗುತ್ತಂತೆ, ಇಲ್ಲ, ಹೋಗಲ್ವಂತೆ. ಆರಿಜೋನಾದವರು ಗುಟ್ಟಾಗಿ ಮಾತಾಡ್ತಿದಾರಂತೆ. ದಿನಕ್ಕೊಂದು. ಜನ ಸಣ್ಣ ವಿಮಾನಗಳ ಓಡಾಟವನ್ನೂ ಫೋನಿನಲ್ಲಿ ನೋಡುತ್ತಾ ಕೂರುತ್ತಿದ್ದರು. ಯಾವುದೋ ಖಾಸಗಿ ವಿಮಾನ ಫೀನಿಕ್ಸ್‌ನಿಂದ ಡಲ್ಲಾಸ್ ಕಡೆ ಹೊರಟರೆ ಸಾಕು, ಅದರೊಳಗೆ ಯೂನಿವರ್ಸಿಟಿ ಅಧ್ಯಕ್ಷರೇ ಕೂತಿದ್ದಾರೆ ಅಂತ ಕಥೆ ಶುರು. ನಾನೂ ಒಂದು ರಾತ್ರಿ ಹನ್ನೆರಡೂವರೆವರೆಗೆ ಹಾಗೊಂದು ವಿಮಾನದ ಚುಕ್ಕಿ ನೋಡುತ್ತಾ ಕೂತಿದ್ದೆ. ಅದು ಹೋಗಿ ಇಳಿದದ್ದು ಲಾಸ್ ವೇಗಸ್‌ನಲ್ಲಿ. ಯಾರೋ ಪಾಪ ಜೂಜಾಡೋಕೆ ಹೋಗಿರಬೇಕು.

ಸ್ಯಾನ್ ಡಿಯಾಗೊದವರ ಕಥೆಯಂತೂ ಮಜವಾಗಿತ್ತು. 2023ರ ಜೂನ್‌ನಲ್ಲಿ ಅವರು ತಮ್ಮ ಮೌಂಟನ್ ವೆಸ್ಟ್ ಗುಂಪಿಗೆ ಒಂದು ಪತ್ರ ಬರೆದರು. ಬಿಡುವ ಇರಾದೆ ಇದೆ, ಆದರೆ ಒಂದು ತಿಂಗಳು ಟೈಮ್ ಕೊಡಿ ಅಂತ. ಜೂನ್ 30 ದಾಟಿದರೆ ಬಿಡುವ ದಂಡ ಎರಡು ಪಟ್ಟಾಗುವುದಿತ್ತು. ಇತ್ತ ನಮ್ಮವರಿಂದ ಕರೆಯೇ ಬಂದಿರಲಿಲ್ಲ. ಹೊಸ ಕೆಲಸದ ಆರ್ಡರ್ ಕೈಗೆ ಬರುವ ಮೊದಲೇ ಹಳೇ ಆಫೀಸಿಗೆ ರಾಜೀನಾಮೆ ಕೊಟ್ಟ ಹಾಗೆ. ಕೊನೆಗೆ ಅಲ್ಲೇ ಉಳಿದುಕೊಂಡರು.

ಅಪ್ಪನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅವರಿಗೆ ಒಂದೇ ಏಟಿಗೆ ಅರ್ಥವಾಯಿತು. "ನಮ್ಮ ರೆಸಾರ್ಟ್ ರಾಜಕಾರಣ ಕಣೋ ಇದು. ಯಾರನ್ನ ಎಲ್ಲಿ ಕೂರಿಸಿದಾರೆ ಅಂತ ಮೊದ್ಲು ನೋಡು" ಅಂದರು. 2019ರಲ್ಲಿ ನಮ್ಮ ಶಾಸಕರು ಮುಂಬೈ ಹೋಟೆಲ್ ಸೇರಿಕೊಂಡಾಗ ಅಪ್ಪ ಮೂರು ವಾರ ಟಿವಿ ಬಿಟ್ಟು ಎದ್ದಿರಲಿಲ್ಲ. ಅಮ್ಮ ಹಿಂದಿನಿಂದ, "ಓದೋಕೆ ಕಳ್ಸಿದ್ರೆ ಅಲ್ಲೂ ಇದೇ ನೋಡ್ತಾನಾ" ಅಂದದ್ದು ಕೇಳಿಸಿತು.

ಅಪ್ಪ ಆಮೇಲೆ ಒಂದು ಪ್ರಶ್ನೆ ಕೇಳಿದರು. "ನಿಮ್ಮೂರಿನವರನ್ನ ಯಾರು ಕರೀತಿದಾರೆ?"

ನಾನು ಸುಮ್ಮನಾದೆ. ಒಂದು ವರ್ಷದಿಂದ ಅಷ್ಟೊಂದು ಗಾಳಿಸುದ್ದಿ ಓದಿದ್ದೇನೆ, ಒಂದರಲ್ಲೂ ನಮ್ಮ ಹೆಸರಿರಲಿಲ್ಲ. ಆರೆಗನ್ ಸ್ಟೇಟ್ ಅಂತ ಇನ್ನೊಂದು ಇದೆ, ಕಾರ್ವಾಲಿಸ್ ಊರಿನದು, ಅದರದ್ದೂ ಇರಲಿಲ್ಲ. ಯಾರೂ ನಮ್ಮ ಬಗ್ಗೆ ಸುಳ್ಳು ಸಹ ಹೇಳುತ್ತಿರಲಿಲ್ಲ. ಊರಲ್ಲಿ ಯಾರ ಮದುವೆ ವಿಷಯಕ್ಕೆ ಚಾಡಿ ಕೂಡ ಹುಟ್ಟಲ್ಲವೋ ಅವರ ಮನೆಗೆ ಗಂಡಿನ ಕಡೆಯವರು ಬರೋದು ಸಂದೇಹ ಅಂತ ನಮ್ಮಜ್ಜಿ ಹೇಳುತ್ತಿದ್ದರು. ನನಗೆ ಅವತ್ತೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ ಅಂತಲ್ಲ, ಅದರ ಮೇಲೆ ಬಟ್ಟೆ ಹಾಕಿ ಮುಚ್ಚಿಟ್ಟಿದ್ದೆ.

ಜುಲೈ 21ಕ್ಕೆ ನಮ್ಮ ಗುಂಪಿನ ಕಮಿಷನರ್ ಜಾರ್ಜ್ ಕ್ಲಿಯಾವ್‌ಕಾಫ್ ಪತ್ರಕರ್ತರ ಮುಂದೆ ನಿಂತು, ಕಾದಷ್ಟೂ ನಮಗೆ ಒಳ್ಳೇದೇ ಅನ್ನುವ ಅರ್ಥದ ಮಾತಾಡಿದರು. ಆರೇ ದಿನ. 27ಕ್ಕೆ ಕೊಲರಾಡೊ ಬಿಗ್ 12 ಗುಂಪಿಗೆ ಹೊರಟಿತು. ಉಳಿದದ್ದು ಒಂಬತ್ತು. ಆಗಸ್ಟ್ 1ಕ್ಕೆ ಆ ಒಂಬತ್ತರ ಮುಂದೆ ಬಂದದ್ದು ಆಪಲ್ ಕಂಪನಿಯ ಒಪ್ಪಂದ. ಟಿವಿ ಚಾನೆಲ್ ಅಲ್ಲ, ದುಡ್ಡು ಕೊಟ್ಟು ನೋಡೋ ಆ್ಯಪ್‌ದು. ಒಂದೊಂದು ಯೂನಿವರ್ಸಿಟಿಗೆ ವರ್ಷಕ್ಕೆ ಎರಡೂವರೆ ಕೋಟಿ ಡಾಲರ್ ಆಸುಪಾಸು, ಚಂದಾದಾರರು ಜಾಸ್ತಿಯಾದರೆ ಇನ್ನಷ್ಟು. ಬಿಗ್ 12ನವರು ಅದಾಗಲೇ ಮೂರು ಕೋಟಿ ದಾಟಿದ ಒಪ್ಪಂದ ಮಾಡಿಕೊಂಡು ಕೂತಿದ್ದರು. ಆದರೂ ಗುರುವಾರ ರಾತ್ರಿ ಬಂದ ಸುದ್ದಿ ಎಲ್ಲ ಚೆನ್ನಾಗಿತ್ತು. ಬೆಳಿಗ್ಗೆ ಮೀಟಿಂಗ್, ಪ್ರಸಾರದ ಹಕ್ಕನ್ನು ಗುಂಪಿಗೆ ಬರೆದುಕೊಡುವ ಪತ್ರಕ್ಕೆ ಒಂಬತ್ತೂ ಜನ ಸಹಿ ಹಾಕುತ್ತಾರೆ, ಮುಗೀತು ಅಂತ. ಅದರ ಮೇಲೆ ಭಾವಮೈದುನನ ಸಾಕ್ಷಿ ಬೇರೆ.

ಹಾಗಾಗಿ ಡಬ್ಬ.

ಆ ಡಬ್ಬದ ಬಗ್ಗೆ ಹೇಳಲೇಬೇಕು. ಕೂಗರ್ ಗೋಲ್ಡ್ ಅಂತ, ಯೂನಿವರ್ಸಿಟಿಯ ಹಾಲಿನ ಘಟಕದಲ್ಲೇ ಮಾಡೋ ಚೀಸ್. 30 ಔನ್ಸಿನ ತಗಡಿನ ಡಬ್ಬದಲ್ಲಿ ಬರುತ್ತದೆ, ನಮ್ಮ ಕಡೆ ರಸಗುಲ್ಲ ಡಬ್ಬ ಇರುತ್ತಲ್ಲ, ಆ ಥರ. 1940ರ ದಶಕದಲ್ಲಿ ಕಂಡುಹಿಡಿದದ್ದು. ಹೆಸರಿನಲ್ಲಿರುವ ಗೋಲ್ಡ್ ಬಂಗಾರ ಅಲ್ಲ, ಅದನ್ನು ಮಾಡಿದ ಗೋಲ್ಡಿಂಗ್ ಅನ್ನೋ ಮೇಷ್ಟ್ರ ಹೆಸರಿನ ತುಂಡು. ಫ್ರಿಜ್ಜಿನಲ್ಲಿ ವರ್ಷಗಟ್ಟಲೆ ಇಡಬಹುದು. ಇಟ್ಟಷ್ಟೂ ಖಾರ ಏರುತ್ತದೆ, ಮೆಣಸಿನಕಾಯಿ ಖಾರ ಅಲ್ಲ, ನಾಲಿಗೆಗೆ ಚುರುಕ್ ಅನ್ನೋ ಥರದ್ದು.

ಸಹಿ ಬೀಳಲಿಲ್ಲ. ಆಫೀಸಿನಲ್ಲಿ ಹತ್ತು ಗಂಟೆ ಹೊತ್ತಿಗೆ ಮೊದಲ ಮೆಸೇಜು ಬಂತು, ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಯವರು ಹಿಂದೆ ಸರಿದರಂತೆ ಅಂತ. ಆಮೇಲೆ ಆರೆಗನ್‌ನವರಂತೆ. ನಾನು ಇಡೀ ಮಧ್ಯಾಹ್ನ ಒಂದೇ ಎಕ್ಸೆಲ್ ಶೀಟ್ ತೆರೆದುಕೊಂಡು ಕೂತಿದ್ದೆ, ಒಂದು ಸಾಲು ತುಂಬಿಸಲಿಲ್ಲ. ಸಂಜೆಯೊಳಗೆ ಎರಡರ ಹಿಂದಿನ 'ಅಂತೆ' ಕಳಚಿಬಿತ್ತು. ವಾಷಿಂಗ್ಟನ್, ಆರೆಗನ್ ಎರಡೂ ಬಿಗ್ ಟೆನ್‌ಗೆ. ಕತ್ತಲಾದ ಮೇಲೆ ಆರಿಜೋನಾ, ಆರಿಜೋನಾ ಸ್ಟೇಟ್, ಯೂಟಾ ಮೂರೂ ಬಿಗ್ 12ಗೆ. ಒಂದೇ ದಿನಕ್ಕೆ ಐದು.

ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿ ಅಂದರೆ ನಮಗೆ ದಾಯಾದಿ. ಇಬ್ಬರೂ ಒಂದೇ ರಾಜ್ಯ ಸರ್ಕಾರದ ಮಕ್ಕಳು. 1900ರಿಂದ ಆಡುತ್ತಾ ಬಂದ ಜೋಡಿ, ವರ್ಷಕ್ಕೊಮ್ಮೆ ಆ್ಯಪಲ್ ಕಪ್ ಅಂತ ಹಬ್ಬದ ಥರ ನಡೆಯುತ್ತದೆ. ಬೇರೆ ಯಾರು ಹೋಗಿದ್ದರೂ ಅಜ್ಜ ಇಷ್ಟು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ಅನ್ನಿಸುತ್ತದೆ. ಇನ್ನು ಸಿಯಾಟಲ್‌ನ ಹುಡುಗಿಯರು ವಾಲಿಬಾಲ್ ಆಡೋಕೆ ನ್ಯೂಜೆರ್ಸಿಗೆ ಹೋಗಬೇಕು, ಇಡೀ ದೇಶ ದಾಟಿ. ದುಡ್ಡು ತರೋದು ಫುಟ್‌ಬಾಲ್, ಓಡಾಟದ ಸುಸ್ತು ಎಲ್ಲರಿಗೂ. ಹೆಸರಿಗೆ ಬಿಗ್ ಟೆನ್, ಎಣಿಸಿದರೆ ಹದಿನೆಂಟು. ತಿಂಗಳೊಳಗೆ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಕ್ಯಾಲ್ ಅಟ್ಲಾಂಟಿಕ್ ಕೋಸ್ಟ್ ಅನ್ನೋ ಗುಂಪಿಗೆ ಸೇರಿದವು. ಪೆಸಿಫಿಕ್ ಪಕ್ಕ ಇರೋರು! ಉಳಿದದ್ದು ನಾವು ಮತ್ತು ಕಾರ್ವಾಲಿಸ್. ಅಂತೆಕಂತೆಯಲ್ಲಿ ಹೆಸರಿಲ್ಲದಿದ್ದ ಅದೇ ಇಬ್ಬರು.

ಅವತ್ತು ಸಂಜೆ ಮನೆಗೆ ಬರುವಾಗ ಬೇಕಂತಲೇ ತಡ ಮಾಡಿದೆ. ಅಜ್ಜನ ಮುಖ ನೋಡೋಕೆ ಧೈರ್ಯ ಇರಲಿಲ್ಲ. ಕಟಾವಿನ ಕಾಲ, ಗುಡ್ಡದ ಮೇಲೆ ಎರಡು ಯಂತ್ರ ಓಡುತ್ತಿದ್ದವು, ಊರಿನ ಮೇಲೆಲ್ಲ ಗೋಧಿ ಧೂಳು. ಕಾರು ನಿಲ್ಲಿಸಿದಾಗ ಅಜ್ಜ ಜಗಲಿಯಲ್ಲೇ ಕೂತಿದ್ದರು. ಡಬ್ಬ ಮೇಜಿನ ಮೇಲೇ ಇತ್ತು. ಹೊರಗೆ ಸುತ್ತ ನೀರು ಬೆವರಿ ಇಳಿದು ಒಣಗಿ, ಮರದ ಮೇಲೆ ಉಂಗುರದ ಗುರುತು ಬಿದ್ದಿತ್ತು. ಬೆಳಿಗ್ಗೆಯಿಂದ ಒಳಗಿಟ್ಟೇ ಇರಲಿಲ್ಲ.

"ನಿನ್ನ ಭಾವಮೈದುನ ಏನಂತಾನೆ?" ಅಂತ ಕೇಳಿದರು.

ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಸಾರಿ" ಅಂದೆ. ಅವರು ಜೇಬಿನಿಂದ ಮಾರ್ಕರ್ ತೆಗೆದು ಡಬ್ಬದ ಮುಚ್ಚಳದ ಮೇಲೆ ತಾರೀಖು ಬರೆದರು. ಒಳಗೆ ಹೋಗಿ ಫ್ರಿಜ್ಜಿಗಿಟ್ಟು ಬಂದರು. ಆಮೇಲೆ ಅರ್ಧ ಗಂಟೆ 1998ರಲ್ಲಿ ಆ ರೋಸ್ ಬೌಲ್ ನೋಡೋಕೆ ಪ್ಯಾಸಡೀನಾಗೆ ಹೆಂಡತಿ ಜೊತೆ ಗಾಡಿ ಓಡಿಸಿಕೊಂಡು ಹೋದ ಕಥೆ ಹೇಳಿದರು. ಮಿಷಿಗನ್ ಎದುರು 21-16ರಲ್ಲಿ ಸೋತ ಕಥೆ. ಆ ಕಥೆ ನನಗೆ ಬಾಯಿಪಾಠ ಆಗಿದೆ, ಆದರೂ ಕೇಳಿದೆ.

ಮುಂದಿನದ್ದು ಬೇಗ ಹೇಳಿಬಿಡುತ್ತೇನೆ. ಉಳಿದ ಇಬ್ಬರೂ ಸೇರಿ ಕೋರ್ಟಿಗೆ ಹೋದರು. ನಮ್ಮ ಪಕ್ಕದ ಕಾಲ್‌ಫ್ಯಾಕ್ಸ್ ಅನ್ನೋ ಸಣ್ಣ ಊರಿನ ಕೋರ್ಟ್, ನವೆಂಬರ್ 14ಕ್ಕೆ ಆದೇಶ ಬಂತು, ಹೊರಟು ನಿಂತವರು ಮನೆಯ ಪಾತ್ರೆಪಗಡಿ ಹಂಚಿಕೊಳ್ಳೋ ಹಾಗಿಲ್ಲ, ಆಡಳಿತ ಉಳಿದವರದ್ದು ಅಂತ. ಮುಂದಿನ ವರ್ಷ ಆ್ಯಪಲ್ ಕಪ್ ನವೆಂಬರ್ ಬಿಟ್ಟು ಸೆಪ್ಟೆಂಬರ್‌ಗೆ ಬಂತು, ಸಿಯಾಟಲ್‌ನಲ್ಲಿ. ನಾವು 24-19ಕ್ಕೆ ಗೆದ್ದೆವು. ಅಜ್ಜ ಅವತ್ತು ನನ್ನನ್ನು ಎತ್ತಿಕೊಳ್ಳೋದೊಂದು ಬಾಕಿ. ಅದೇ ವಾರ ಬಾಯ್ಸಿ, ಫ್ರೆಸ್ನೊ, ಕೊಲರಾಡೊ ಸ್ಟೇಟ್ ಜೊತೆ ಅದೇ ಸ್ಯಾನ್ ಡಿಯಾಗೊದವರೂ ನಮ್ಮ ಗುಂಪಿಗೆ ಬರುವುದಾಗಿ ಒಪ್ಪಿದ್ದರು, ಈ ಸಲ ಕರೆ ಬಂದ ಮೇಲೆ. ಮೌಂಟನ್ ವೆಸ್ಟ್‌ನವರಿಗೆ ಅವತ್ತು ಹೇಗನ್ನಿಸಿರಬೇಕು ಅಂತ ಯೋಚನೆ ಬಂತು. ಒಂದು ವರ್ಷದ ಹಿಂದೆ ನಮ್ಮ ಕೈಲಿದ್ದ ತಟ್ಟೆ ಕಿತ್ತುಕೊಂಡವರನ್ನು ಬೈದ ನಾವೇ ಈಗ ಪಕ್ಕದವನ ತಟ್ಟೆಗೆ ಕೈ ಹಾಕಿದ್ದೆವು, ಅದೂ ಖುಷಿಯಿಂದ. ಯೋಚನೆ ಜಾಸ್ತಿ ಹೊತ್ತು ನಿಲ್ಲಲಿಲ್ಲ, ಸುಳ್ಳು ಯಾಕೆ ಹೇಳಲಿ.

ಗುಂಪು ಅನ್ನಿಸಿಕೊಳ್ಳೋಕೆ ಫುಟ್‌ಬಾಲ್ ಆಡುವ ಎಂಟು ಟೀಮ್ ಬೇಕು. ಯೂಟಾ ಸ್ಟೇಟ್ ಸೇರಿ ಏಳಾಯಿತು. ಎಂಟನೆಯದಕ್ಕೆ ಮತ್ತೆ ಅಂತೆಕಂತೆ. ಮೆಂಫಿಸ್ ಅಂತೆ, ಟುಲೇನ್ ಅಂತೆ. ಅವರು ಇದ್ದಲ್ಲೇ ಉಳಿದರು. 2025ರ ಜೂನ್ 30ಕ್ಕೆ ಟೆಕ್ಸಸ್ ಸ್ಟೇಟ್ ಒಪ್ಪಿತು.

ಅವತ್ತು ಸಂಜೆ ಅಜ್ಜ ಬೇಲಿ ಹತ್ತಿರ ಬಂದು ಕರೆದರು. ಮೇಜಿನ ಮೇಲೆ ಡಬ್ಬ, ಮುಚ್ಚಳದ ಮೇಲೆ ಅದೇ ತಾರೀಖು, ಸ್ವಲ್ಪ ಅಳಿಸಿದ ಹಾಗೆ. ಕೈ ನಡುಗುತ್ತಿತ್ತು, ಹಾಗಾಗಿ ಓಪನರ್ ನನ್ನ ಕೈಗೆ ಕೊಟ್ಟರು. ಚೀಸ್ ಒಳ್ಳೇ ಅರಿಶಿನ ಕಲಸಿದ ಬಣ್ಣಕ್ಕೆ ತಿರುಗಿತ್ತು. ಚಾಕು ಇಟ್ಟರೆ ಪುಡಿಪುಡಿ. ಅಗಿದಾಗ ಮಧ್ಯೆ ಮಧ್ಯೆ ಮರಳಿನ ಹಾಗೆ ಕಟುಂ ಅನ್ನೋ ಸಣ್ಣ ಹರಳು. ಅವರು ಬಿಸ್ಕೆಟ್ ಜೊತೆ ತಿಂದರು, ನಾನು ಮನೆಯಿಂದ ಬೆಳಗಿನ ಚಪಾತಿ ತಂದುಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಅಜ್ಜ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು ದನಿ ತಗ್ಗಿಸಿ ಕೇಳಿದರು. "ಇನ್ನೊಬ್ಬರು ಯಾರೋ ಬರ್ತಾರಂತೆ, ಗೊತ್ತಾಯ್ತಾ?"

"ಯಾರು ಹೇಳಿದ್ರು?" ಅಂದೆ.

ಕಟಿಂಗ್ ಶಾಪಿನವನಂತೆ.