ಮೇಣದಬತ್ತಿ ಬಗ್ಗಿ ನಮಸ್ಕಾರ ಮಾಡಿತು

ಬೆಳಗ್ಗೆ ಶುರು ಮಾಡಿದರೆ ಮಧ್ಯಾಹ್ನಕ್ಕೆ ಮುಗಿಯುತ್ತೆ ಅಂದುಕೊಂಡಿದ್ದೆ. ಏನು ಮಹಾ ಕೆಲಸ? ಫೈರ್‌ಪ್ಲೇಸ್, ಅಂದರೆ ಚಳಿ ಕಾಯಿಸೋಕೆ ಗೋಡೆಯೊಳಗೆ ಕಟ್ಟಿದ ಒಲೆ, ಅದರ ಮೇಲೆ ಒಂದು ಮರದ ಹಲಗೆ ಇರುತ್ತಲ್ಲ, ಮ್ಯಾಂಟಲ್ ಅಂತಾರೆ, ಅದರ ಮೇಲೆ ನಾಲ್ಕು ಚಂದದ ಸಾಮಾನು ಜೋಡಿಸೋದು, ಸುತ್ತಲಿನ ಇಟ್ಟಿಗೆ ಒರೆಸೋದು. ಅಷ್ಟೇ ಅಲ್ವಾ?

ಅಲ್ಲಿವರೆಗೆ ಆ ಹಲಗೆ ಮನೆಯಲ್ಲಿ ಜಾಗ ಸಿಗದ ಸಾಮಾನಿಗೆಲ್ಲ ತವರುಮನೆ. ಬೀಗದ ಕೈ, ಹಳೇ ಬಿಲ್ಲು, ಯಾವುದೋ ರಿಮೋಟಿನ ಹಿಂದಿನ ಮುಚ್ಚಳ, ಚಾರ್ಜು ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲದ ಬ್ಯಾಟರಿಗಳು. ಎಲ್ಲ ತೆಗೆದು ಒಂದು ಬುಟ್ಟಿಗೆ ಸುರಿದೆ. ಆ ಬುಟ್ಟಿ ಇನ್ನೂ ಹಾಗೇ ಇದೆ, ಅದರ ಮಾತು ಬಿಡಿ.

ಮೊದಲ ತಪ್ಪು ಒದ್ದೆ ಬಟ್ಟೆ. ಬೆಂಕಿಯ ಬಾಯಿಯ ಮೇಲ್ಭಾಗದ ಇಟ್ಟಿಗೆಗೆ ಮಸಿ ಹಿಡಿದಿತ್ತು, ಸೋಪುನೀರಲ್ಲಿ ಬಟ್ಟೆ ಅದ್ದಿ ಒಂದೇ ಸಲ ಎಳೆದೆ ನೋಡಿ, ಅಂಗೈ ಅಗಲ ಇದ್ದ ಕಪ್ಪು ಮೊಳದುದ್ದ ಆಯಿತು. ಇಟ್ಟಿಗೆಗೆ ಸಣ್ಣ ಸಣ್ಣ ತೂತು ಇರುತ್ತವೆ, ನೀರು ತಾಗಿದ ತಕ್ಷಣ ಮಸಿಯನ್ನೂ ಕರೆದುಕೊಂಡು ಒಳಗೆ ಹೋಗಿಬಿಡುತ್ತೆ. ಮೊದಲು ಒಣ ಬ್ರಶ್ಶಿನಲ್ಲಿ ಉದುರಿಸಬೇಕು, ಆಮೇಲೆ ಮಸಿ ಒರೆಸೋಕೆ ಅಂತಲೇ ಬರುವ ಒಣ ರಬ್ಬರ್ ಸ್ಪಂಜಿನಲ್ಲಿ ಮೇಲಿಂದ ಕೆಳಕ್ಕೆ ಒರೆಸುತ್ತಾ ಬರಬೇಕು, ನೀರು ಕೊನೆಗೆ. ಇದು ನನಗೆ ಗೊತ್ತಾಗಿದ್ದು ಎಳೆದ ಮೇಲೆ.

ನಮ್ಮವರು ಕುರ್ಚಿಯಿಂದ ಏಳದೆಯೇ, "ಬಿಳಿ ಪೇಂಟ್ ಬಳಿದುಬಿಡು, ಯಾಕೆ ಒದ್ದಾಡ್ತೀಯ" ಅಂದರು. ನಾನು ಒಪ್ಪಲಿಲ್ಲ. ಇಟ್ಟಿಗೆಗೆ ಒಂದು ಸಲ ಪೇಂಟ್ ಹಾಕಿದರೆ ಮುಗೀತು, ಅದನ್ನು ವಾಪಸ್ ಕೀಳೋದು ಅಂದರೆ ನರಕ. ಕೊನೆಗೆ ನೀರಲ್ಲಿ ತೆಳ್ಳಗೆ ಕಲಸಿದ ಸುಣ್ಣ ಹಚ್ಚಿದೆ. ಪೇಂಟಿನ ಹಾಗೆ ಮೇಲೆ ಪದರ ಕಟ್ಟಲ್ಲ, ಇಟ್ಟಿಗೆಗೇ ಹಿಡಿದುಕೊಳ್ಳುತ್ತೆ, ಅಲ್ಲಲ್ಲಿ ಹಸಿ ಇರುವಾಗಲೇ ಒರೆಸಿದರೆ ಕೆಳಗಿನ ಕೆಂಪು ಇಣುಕುತ್ತೆ. ನಾನು ಎಳೆದ ಮೊಳದುದ್ದದ ಮಸಿಯೂ ಮುಚ್ಚಿಹೋಯಿತು, ಅದೇ ದೊಡ್ಡ ಲಾಭ. ಒಲೆಯ ಒಳಗಿನ ಇಟ್ಟಿಗೆ ಮುಟ್ಟಲಿಲ್ಲ. ಅಲ್ಲಿಗೆ ಬಳಿಯೋದಾದರೆ ಜಾಸ್ತಿ ಶಾಖ ತಡೆಯುವ ಪೇಂಟೇ ಬೇಕು.

ಅಷ್ಟೊತ್ತಿಗೆ ಸಂಜೆ ನಾಲ್ಕು. ಅಕ್ಕ ಬಂದಳು.

ಅವಳು ಬರುವ ಹೊತ್ತಿಗೆ ನಾನು ಹಲಗೆ ಮೇಲೆ ಗಡಿಯಾರ, ಮೂರು ಫೋಟೋ, ಎರಡು ಹೂಜಿ, ಐದು ಉದ್ದನೆಯ ನೀಲಿ ಮೇಣದಬತ್ತಿ, ಒಂದು ಹಿತ್ತಾಳೆ ಆನೆ ಎಲ್ಲ ಸಾಲಾಗಿ ನಿಲ್ಲಿಸಿದ್ದೆ. ಅವಳು ಚೀಲ ಕೂಡ ಕೆಳಗಿಟ್ಟಿರಲಿಲ್ಲ, "ಏನೇ ಇದು, ಅಂಗಡಿ ಇಟ್ಟಿದ್ದೀಯಾ?" ಅಂದಳು. ನನಗೆ ಸಿಟ್ಟು ಬಂತು. ಸರಿ, ದೂರ ಹೋಗಿ ಬಾಗಿಲ ಹತ್ತಿರ ನಿಂತು ನೋಡಿದೆ. ಅಂಗಡಿಯೇ. ಎಲ್ಲವೂ ಒಂದೇ ಎತ್ತರ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ.

ಕನ್ನಡಿಯದ್ದು ಇನ್ನೊಂದು ಕಥೆ. ಅದನ್ನು ಹಲಗೆಯ ಹಿಂದಿನ ಗೋಡೆಗೆ ತುಂಬಾ ಮೇಲೆ ಮೊಳೆ ಹೊಡೆದು ತೂಗುಹಾಕಿದ್ದೆ, ಸೋಫಾದಲ್ಲಿ ಕೂತರೆ ಅದರಲ್ಲಿ ಕಾಣುತ್ತಿದ್ದುದು ಸೂರು ಮಾತ್ರ. ಅಕ್ಕ ಪೇಪರನ್ನು ಕನ್ನಡಿಯ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿದಳು, ಮೇಲೆ ಕೆಳಗೆ ಸರಿಸಿ ಸರಿಸಿ ನೋಡಿದಳು, ಹಲಗೆಯಿಂದ ಆರೇಳು ಬೆರಳು ಬಿಟ್ಟು ನಿಲ್ಲಿಸಿದಳು. ಕನ್ನಡಿ ಮತ್ತು ಹಲಗೆ ಒಂದೇ ಸಂಸಾರದ್ದು ಅನ್ನಿಸಬೇಕಂತೆ. ಮೊಳೆ ಹೊಡೆಯುವ ಮುಂಚೆ ಪೇಪರ್ ಅಂಟಿಸೋದು ನನ್ನ ತಲೆಗೆ ಯಾಕೆ ಹೊಳೆಯಲಿಲ್ಲವೋ. ಹಳೇ ಮೊಳೆಯ ತೂತು ಈಗಲೂ ಕನ್ನಡಿಯ ನೆತ್ತಿ ಮೇಲೆ ಬೊಟ್ಟಿಟ್ಟ ಹಾಗೆ ಕಾಣುತ್ತೆ.

ಆನೆ ಹೋಯಿತು, ಗಡಿಯಾರ ಹೋಯಿತು, ಫೋಟೋದಲ್ಲಿ ಒಂದು ಉಳಿಯಿತು. ಮೇಣದಬತ್ತಿ ಮಾತ್ರ ನಾನು ಬಿಡಲಿಲ್ಲ. ಐದರಲ್ಲಿ ಮೂರನ್ನು ಹಟ ಮಾಡಿ ಉಳಿಸಿಕೊಂಡೆ. ಹಚ್ಚೋಕಲ್ಲ, ಸುಮ್ನೆ ಅಂದಕ್ಕೆ.

ಒಂದೆರಡು ದಿನ ಸುಣ್ಣ ಒಣಗಲು ಬಿಟ್ಟು ಆಮೇಲೆ ಬೆಂಕಿ ಹಾಕಿದೆವು. ಅರ್ಧ ಗಂಟೆ ಆಗಿರಬಹುದು. ಮಾತಾಡುತ್ತಾ ತಲೆ ಎತ್ತಿದರೆ ಎಡಗಡೆಯ ಮೇಣದಬತ್ತಿ ಸ್ವಲ್ಪ ಮುಂದಕ್ಕೆ ವಾಲಿದೆ. ನಾನೇ ಓರೆಯಾಗಿ ಇಟ್ಟಿರಬೇಕು ಅಂದುಕೊಂಡೆ. ಇನ್ನೊಂದು ಹತ್ತು ನಿಮಿಷಕ್ಕೆ ಅದು ಸೊಂಟದ ಹತ್ತಿರ ಬಗ್ಗಿ, ತಲೆ ಕೆಳಗೆ ಮಾಡಿ, ಬೆಂಕಿಗೆ ನಮಸ್ಕಾರ ಮಾಡುತ್ತಿತ್ತು. ತುದಿಯಲ್ಲಿ ಒಂದು ನೀಲಿ ಹನಿ ಬೀಳಲೋ ಬೇಡವೋ ಅಂತ ತೂಗುತ್ತಿತ್ತು. ಪಕ್ಕದ್ದೂ ಅದನ್ನೇ ನೋಡಿ ಕಲಿಯೋಕೆ ಶುರು ಮಾಡಿತ್ತು.

ಹಚ್ಚದ ಮೇಣದಬತ್ತಿ! ಆದರೆ ಮೇಣ ಕರಗೋಕೆ 50–60 ಡಿಗ್ರಿ ಸಾಕು, ಬಗ್ಗೋಕೆ ಅಷ್ಟೂ ಬೇಡ. ಚಿಮಣಿ ಎಷ್ಟೇ ಎಳೆದರೂ ಒಂದಿಷ್ಟು ಬಿಸಿ ಒಲೆಯ ಬಾಯಿಯಿಂದ ತಪ್ಪಿಸಿಕೊಂಡು ಇಟ್ಟಿಗೆಗೆ ತಾಗಿಕೊಂಡೇ ಮೇಲೇರುತ್ತೆ, ನೇರವಾಗಿ ಹಲಗೆಗೆ. ನಮ್ಮವರು ಆಗ ಕುರ್ಚಿಯಿಂದ ಎದ್ದರು. ಟೇಪು ತಂದು ಅಳೆದರು. ಬೆಂಕಿಯ ಬಾಯಿಯಿಂದ 6 ಇಂಚಿನೊಳಗೆ ಮರ ಇರಲೇಬಾರದು, ಮುಂದಕ್ಕೆ ಚಾಚಿದ ಹಲಗೆಯಾದರೆ 12 ಇಂಚಾದರೂ ದೂರ ಇರಬೇಕು. ನಮ್ಮದು 14 ಇತ್ತು. ಉಸಿರು ಬಂತು. ಅಂದಕ್ಕೆ ಅಂತ ಹಲಗೆಯಿಂದ ಒಣ ಎಲೆಯ ಮಾಲೆ ಇಳಿಬಿಡುವ ಯೋಚನೆ ಬೇರೆ ಇತ್ತು ನನಗೆ, ಅದನ್ನು ಅಲ್ಲೇ ಕೈಬಿಟ್ಟೆ.

ಮೇಣದಬತ್ತಿ ತೆಗೆದೆವು, ಆದರೆ ಆ ಹನಿ ಅಷ್ಟರಲ್ಲಿ ಮನಸ್ಸು ಮಾಡಿ ಬಿದ್ದಾಗಿತ್ತು. ಗಟ್ಟಿಯಾದ ಮೇಲೆ ಹೆರೆದೆ, ಪೇಪರ್ ಇಟ್ಟು ಹೇರ್ ಡ್ರೈಯರ್ ಹಿಡಿದೆ, ಮೇಣ ಬಂತು, ನೀಲಿ ಬಣ್ಣ ಮರದಲ್ಲೇ ಉಳಿಯಿತು. ಮಣ್ಣಿನ ಹೂಜಿಯನ್ನು ಎಡಕ್ಕೆ ಸರಿಸಿ ಸರಿಯಾಗಿ ಅದರ ಮೇಲೇ ಇಟ್ಟೆ.

ಅಕ್ಕ ಬಂದಾಗೆಲ್ಲ ಹೇಳುತ್ತಾಳೆ, "ಹೂಜಿ ನಡುವೆ ಇಡದೆ ಒಂದು ಪಕ್ಕಕ್ಕೆ ಇಟ್ಟೆ ನೋಡು, ಅಲ್ಲೇ ಇರೋದು ಅಂದ." ನಾನು ಹೂಂ ಅನ್ನುತ್ತೇನೆ.